ಹರಿದ ಹಾಳೆಯಲ್ಲಿದ್ದ ಹೆಸರು

ಸೋಮವಾರ ಬೆಳಿಗ್ಗೆ ಶಾಲೆಯ ಬೀರು ತೆರೆದಿತ್ತು. ದಾಖಲಾತಿ ಪುಸ್ತಕದ ಒಂದು ಹಾಳೆ ಇರಲಿಲ್ಲ.

ಅದು 1938. ಊರು, ಕೊರಟಗೆರೆಗೆ ಎರಡು ಹರದಾರಿ ದೂರದ ಗೋಣಿಪಾಳ್ಯ. ಹೆಡ್‌ಮೇಷ್ಟ್ರು ಸಂಜೀವಯ್ಯ ಹೇಳಿ ಕಳಿಸಿದೊಡನೆ ಪೊಲೀಸ್ ದಫೇದಾರ್ ಚನ್ನಮಲ್ಲಯ್ಯ ಬಂದರು.

"ಯಾರ್ಯಾರ ಹೆಸರಿತ್ತು?"

"ಎಂಟು ಮಕ್ಕಳದು. ನಿಮ್ಮ ಮಗಳು ಜಗದಾಂಬನದೂ ಇತ್ತು."

ದಫೇದಾರರ ಮುಖ ಕೆಂಪಾಯಿತು. ತಮ್ಮ ಮೇಲಿನ ಹಗೆಗೆ ಯಾರೋ ಮಾಡಿದ ಕೆಲಸ! ಪುಸ್ತಕದ ರಟ್ಟಿನ ಮೇಲೆ ಹಳದಿ ಬೆರಳಚ್ಚು. ಶಾಲೆಯ ಗೋಡೆಗೆ ಹಳದಿ ಬಳಿಯುತ್ತಿದ್ದವನು ಮಕ್ಬೂಲ್. ಹೋದ ತಿಂಗಳಷ್ಟೇ ದಫೇದಾರರು ಅವನನ್ನು ಸುಮ್ಮನೆ ಠಾಣೆಯಲ್ಲಿ ಕೂರಿಸಿದ್ದರು.

* * *

ಮಕ್ಬೂಲನನ್ನು ಅಲ್ಲೇ ಶಾಲೆಗೆ ಕರೆಸಿದರು.

"ನಂಗೆ ಓದಾಕೇ ಬರಾಕಿಲ್ಲ ಸ್ವಾಮಿ. ಯಾವ ಹಾಳೆ ಅಂತ ಹೆಂಗೆ ಹುಡುಕ್ಲಿ?"

ದಫೇದಾರರು ಕೈ ಎತ್ತಿದರು.

"ಹೊಡೀರಿ," ಎಂದ ಮಕ್ಬೂಲ್. "ಮೊದ್ಲು ಆ ಗುರುತು ಮೂಸಿ ನೋಡಿ. ನನ್ನ ಬಣ್ಣದಾಗೆ ಸುಣ್ಣ, ಅಂಟು ಐತೆ."

ಮೂಸಿದರು. ಅರಿಶಿನ, ಎಣ್ಣೆ. ಬೆರಳೂ ತೀರ ಚಿಕ್ಕದು.

ಎತ್ತಿದ ಕೈ ತಾನಾಗಿ ಇಳಿಯಿತು.

* * *

ಮನೆಯಲ್ಲಿ ಹೆಂಡತಿ ದಾಕ್ಷಾಯಣಮ್ಮ ಮಗಳ ಊದಿದ ಬಲಗೈಗೆ ಮತ್ತೆ ಅರಿಶಿನ, ಎಣ್ಣೆಯ ಪಟ್ಟು ಹಾಕುತ್ತಿದ್ದರು.

"ಹಾಳೆ ಎಲ್ಲಿದೆಯಮ್ಮ?" ದಫೇದಾರರು ಮಗಳನ್ನು ಕೇಳಿದರು.

ಹನ್ನೊಂದು ವರ್ಷದ ಜಗದಾಂಬ ಗೋಡೆಗೆ ಒತ್ತಿಕೊಂಡಳು. "ಒಲೆಗೆ ಹಾಕ್ಬುಟ್ಟೆ."

"ಯಾಕೆ?"

"ಹೆಸ್ರಿದ್ರೆ ಮಾರ್ಕು ಕೊಡ್ತಾರೆ. ಕಮ್ಮಿ ಬಂದ್ರೆ ನೀವು ಹೊಡೀತೀರ." ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೇಳಿದಳು, "ಅಲ್ಲಿ ಆಟಕ್ಕೂ ಯಾರೂ ಕರೆಯಾಕಿಲ್ಲ. ದಫೇದಾರ್ರು ಬೈತಾರೆ ಅಂತಾರೆ."

* * *

ಮಧ್ಯಾಹ್ನ ದಫೇದಾರರು ಮಗಳನ್ನು ಕರೆದುಕೊಂಡು ಶಾಲೆಗೆ ಬಂದರು. ಮಕ್ಬೂಲನನ್ನೂ ಕರೆಸಿದರು.

"ಶನಿವಾರ ಇವಳು ಪರೀಕ್ಷೇಲಿ ಕ್ಲಾಸಿಗೆ ಎರಡನೆಯವಳಾಗಿ ಬಂದಳು. ರೂಲುದೊಣ್ಣೆಯಿಂದ ಕೈಗೆ ಹೊಡೆದೆ. ಭಾನುವಾರ ಮಕ್ಬೂಲ್ ಊಟಕ್ಕೆ ಹೋದಾಗ ಶಾಲೆ ತೆರೆದೇ ಇತ್ತು. ಬೀರುವಿಗೆ ಬೀಗ ಇಲ್ಲ ಅನ್ನೋದು ಮಕ್ಕಳಿಗೆಲ್ಲ ಗೊತ್ತು. ಹಾಳೆ ಹರಿದವಳು ಇವಳು. ತಪ್ಪು ನನ್ನದು. ಮಧುಗಿರಿಯ ಇನ್‌ಸ್ಪೆಕ್ಟರ್ ಸಾಹೇಬರಿಗೆ ಹಾಗೇ ಬರೀತೀನಿ."

ಸಂಜೀವಯ್ಯ ತಲೆ ತಗ್ಗಿಸಿದರು. "ಹಿಂದೆಯೂ ಇವಳ ಕೈಮೇಲೆ ಬಾಸುಂಡೆ ನೋಡಿದ್ದೆ ದಫೇದಾರ್ರೆ. ದೂರು ಕೊಡೋಕೆ ನಿಮ್ಮ ಠಾಣೆಗೇ ಬರ್ಬೇಕಿತ್ತಲ್ಲ... ಸುಮ್ಮನಾಗ್ಬಿಟ್ಟೆ."

ಮಕ್ಬೂಲನ ಕಡೆ ತಿರುಗಿ ಕೈ ಮುಗಿದರು ಚನ್ನಮಲ್ಲಯ್ಯ.

ಜಗದಾಂಬ ಅಪ್ಪನನ್ನು ದಾಟಿ ಮೇಜಿನ ಹತ್ತಿರ ಹೋದಳು. ಕೇಳಿದ್ದು ಅವರನ್ನಲ್ಲ.

"ಮೇಷ್ಟ್ರೇ, ನಾಳಿಂದ ನಾನು ಬರ್ಬೋದಾ?"