ಹ್ಯಾಂಡಲ್ ಯಾವ ಕಡೆಗೆ?

“ಬ್ಯಾಗ್ ಬಿಡಿ! ಎಲ್ಲಾ ಬಿಡಿ! ಈ ಕಡೆ ಬನ್ನಿ! ಹಾರಿ! ಹಾರಿ!”

ಚೂಟಿ ಬಾಗಿಲಲ್ಲೇ ನಿಂತುಬಿಟ್ಟಳು. ಒಂದು ಶೂ ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿತ್ತು. ಕೂಗು ಬಂದದ್ದು ಒಳಗಿನ ಕೋಣೆಯಿಂದ. ದನಿಯೇನೋ ಅಮ್ಮನದೇ. ಆದರೆ ಅಮ್ಮ ಹೀಗೆ ಕಿರುಚಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹೇಳಿದ ಮಾತನ್ನು ಒಂದೇ ಸಲಕ್ಕೆ ಕೇಳುವ ಪೈಕಿಯೇ ಅಲ್ಲದ ಚೂಟಿ, ಹೆಗಲ ಮೇಲಿದ್ದ ಸ್ಕೂಲ್ ಬ್ಯಾಗನ್ನು ಧೊಪ್ಪನೆ ಕೆಳಗೆ ಬಿಟ್ಟಳು.

“ಹೆದರ್ಬೇಡ ಮರಿ,” ಅಂದರು ಸೋಫಾದ ಮೇಲಿದ್ದ ಅಜ್ಜ. “ನಿಮ್ಮಮ್ಮ ಓದ್ಕೊಳ್ತಿದ್ದಾಳೆ. ನಾಳೆ ಪರೀಕ್ಷೆ. ನಾನಂತೂ ಬೆಳಗ್ಗೆಯಿಂದ ಮೂರು ಸಲ ಸೋಫಾ ಬಿಟ್ಟು ಹಾರಿದೀನಿ.”

ಅಮ್ಮನಿಗೆ ವಿಮಾನದಲ್ಲಿ ಕೆಲಸ. ಹೋದ ವಾರ ಕ್ಲಾಸಲ್ಲಿ ಟೀಚರ್ ‘ಲೋಕ ಸುತ್ತುತ್ತಾ ದುಡಿಯುವವರು’ ಅಂತ ಚಾರ್ಟ್ ಮಾಡಿಸಿದ್ದರು. ಹಡಗಿನ ಅಡುಗೆಯವರು, ಟೂರ್ ಗೈಡು, ಸರ್ಕಸ್ಸಿನವರು ಅಂತ ಒಬ್ಬೊಬ್ಬರು ಒಂದೊಂದು ಹೇಳಿದರೆ, ಚೂಟಿ ಎದ್ದು ನಿಂತು ಕಾಲರ್ ಸರಿ ಮಾಡಿಕೊಂಡಿದ್ದಳು. “ನಮ್ಮಮ್ಮ ಊರೂರು ನೋಡ್ತಾಳೆ, ದೊಡ್ಡ ದೊಡ್ಡ ಹೋಟೆಲಲ್ಲಿ ಮಲಗ್ತಾಳೆ, ಅದಕ್ಕೆ ಅವಳಿಗೇ ಸಂಬಳ ಬೇರೆ ಕೊಡ್ತಾರೆ! ಕೆಲಸ ಏನಪ್ಪಾ ಅಂದ್ರೆ, ಜ್ಯೂಸ್ ಕೊಟ್ಟು ನಗೋದು!” ಇಡೀ ಕ್ಲಾಸು ಬಾಯಿ ಬಿಟ್ಟುಕೊಂಡು ಕೇಳಿತ್ತು.

ಪರೀಕ್ಷೆ ವರ್ಷವರ್ಷವೂ ಇದ್ದದ್ದೇ. ಚೂಟಿ ಸ್ಕೂಲಿಗೆ ಹೋದಾಗ ಅಮ್ಮ ಓದಿ ಮುಗಿಸಿಬಿಡುತ್ತಿದ್ದಳು. ಈ ಸಲ ಮಾತ್ರ ವಿಮಾನವೇ ಹೊಸದು, ಪುಸ್ತಕವೂ ಹೊಸದು.

“ಬಾ, ಇವತ್ತು ನೀನೇ ಟೀಚರ್,” ಅಂತ ಅಮ್ಮ ದಪ್ಪ ಪುಸ್ತಕವನ್ನು ಅವಳ ಕೈಗಿಟ್ಟಳು. “ಪ್ರಶ್ನೆ ಕೇಳು. ತಪ್ಪಾದ್ರೆ ತಪ್ಪು ಅನ್ನು.”

ಚೂಟಿಗೆ ಇದಕ್ಕಿಂತ ಒಳ್ಳೆ ಚಾನ್ಸ್ ಬೇಕೆ? ಮೇಜಿನ ಮೇಲಿಂದ ಸ್ಕೇಲ್ ಎತ್ತಿಕೊಂಡಳು. ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು.

“ಇದೇನಮ್ಮ, ಕೈ ಮೇಲೆ ಕೂತಿದೀಯ?”

“ವಿಮಾನ ಏಳೋವಾಗ, ಇಳಿಯೋವಾಗ ಹೀಗೇ ಕೂರೋದು. ಕೂತು ಮನಸ್ಸಲ್ಲೇ ಹೇಳ್ಕೋತೀವಿ. ಬಾಗಿಲು ಎಲ್ಲಿದೆ, ಹೇಗೆ ತೆಗೀಬೇಕು, ಯಾರಿಗೆ ಮೊದಲು ಸಹಾಯ ಬೇಕು, ಎಲ್ಲಾ. ಹೂಂ, ಕೇಳು.”

“ಹೊಗೆ ಬಂದ್ರೆ?”

“ಬಗ್ಗಿ ನಡೀರಿ ಅಂತ ಕೂಗ್ತೀನಿ.”

“ಎಷ್ಟು ಹೊತ್ತಲ್ಲಿ ಎಲ್ಲರೂ ಇಳೀಬೇಕು?”

“ಒಂದೂವರೆ ನಿಮಿಷ.”

“ಕೊನೆಗೆ ಇಳಿಯೋರು ಯಾರು?”

“ನಾನು. ಒಳಗೆ ಯಾರೂ ಉಳಿದಿಲ್ಲ ಅಂತ ನೋಡ್ಕೊಂಡು, ಆಮೇಲೆ.”

ಎರಡೆರಡ್ಲ ನಾಲ್ಕು ಅನ್ನುವಷ್ಟು ಸಲೀಸಾಗಿ ಹೇಳಿದಳು ಅಮ್ಮ. ಜ್ಯೂಸು, ನಗು, ಹೋಟೆಲು ಎಲ್ಲಾ ಎಲ್ಲಿಗೋ ಹೋದವು. ಚೂಟಿಯ ಕಣ್ಣ ಮುಂದೆ ಹೊಗೆ ತುಂಬಿದ ವಿಮಾನ ಕಂಡಿತು. ಅದರೊಳಗೆ ಅಮ್ಮ ಒಬ್ಬಳೇ ಸೀಟು ಸೀಟಿನ ಹಿಂದೆ ಬಗ್ಗಿ ಹುಡುಕುತ್ತಿದ್ದಳು.

“ಫೇಲಾದ್ರೆ ಏನಾಗುತ್ತಮ್ಮ?”

“ಆಮೇಲೆ ಹಾರೋ ಹಾಗಿಲ್ಲ. ಆಫೀಸಲ್ಲಿ ಕೂರಿಸ್ತಾರೆ. ಥೂ, ಬಿಡ್ತು ಅನ್ನು!”

ಚೂಟಿ ಬಿಡ್ತು ಅನ್ನಲಿಲ್ಲ. ಪುಟ ತಿರುವಿ, “ಬಾಗಿಲು ತೆಗೆಯೋದು ಹೇಗೆ?” ಅಂದಳು.

“ಮೊದಲು ಕಿಟಕಿಯಿಂದ ಹೊರಗೆ ನೋಡ್ಬೇಕು. ಬೆಂಕಿ ಇಲ್ಲ ಅಂದ್ರೆ ಹ್ಯಾಂಡಲ್ ಹಿಡಿದು, ಬಾಣದ ಕಡೆಗೆ ತಿರುಗಿಸ್ಬೇಕು.” ತೊಡೆಯ ಕೆಳಗಿದ್ದ ಬಲಗೈ ತಾನಾಗಿಯೇ ಹೊರಬಂದು ಗಾಳಿಯಲ್ಲಿ ತಿರುಗಿತು. “ಸರಿ ತಾನೆ? ಹತ್ತು ವರ್ಷ ಹಳೇ ವಿಮಾನದಲ್ಲೇ ಇದ್ದೆ ನೋಡು, ಹಳೇದು ಹೊಸದು ಎರಡೂ ಕಲಸಿಹೋಗಿವೆ.”

ಪುಸ್ತಕದಲ್ಲಿ ಕೆಂಪಕ್ಷರದಲ್ಲಿತ್ತು: ಹ್ಯಾಂಡಲನ್ನು ಮೇಲಕ್ಕೆ ಎತ್ತಬೇಕು. ತಿರುಗಿಸಬಾರದು.

“ಸರಿ,” ಅಂದಳು ಚೂಟಿ.

“ಹಾಗಾದ್ರೆ ಇನ್ನೊಂದು ಹತ್ತು ಸಲ ಮಾಡಿಬಿಡ್ತೀನಿ. ಹೆದರಿಕೆ ಆದಾಗ ತಲೆ ಓಡಲ್ಲ ಕಣೇ, ಕೈ ಓಡ್ಬೇಕು. ಅದಕ್ಕೇ ಕೈಗೆ ಕಲಿಸೋದು.”

ಅಮ್ಮ ಎದ್ದು ಬೀರುವಿನ ಹಿಡಿ ಹಿಡಿದುಕೊಂಡಳು. ನೋಡು, ಹಿಡಿ, ತಿರುಗಿಸು. ನೋಡು, ಹಿಡಿ, ತಿರುಗಿಸು. ಹತ್ತು ಸಲವೂ ಅವಳು “ಸರೀನಾ?” ಅಂದಳು, ಹತ್ತು ಸಲವೂ ಚೂಟಿ “ಸರಿ” ಅಂದಳು. ಒಂದೊಂದು ‘ಸರಿ’ಗೂ ದನಿ ಸಣ್ಣದಾಗುತ್ತಾ ಹೋಯಿತು.

ಆ ರಾತ್ರಿ ಊಟಕ್ಕೆ ಕೂತಾಗ ಚೂಟಿ ಅನ್ನವನ್ನು ಸುಮ್ಮನೆ ಕಲಸುತ್ತಲೇ ಇದ್ದಳು. ಅಜ್ಜ ಓರೆಗಣ್ಣಲ್ಲಿ ನೋಡಿದರು. ನಲವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು, ಟಿಕೆಟ್ ತೆಗೆದುಕೊಳ್ಳದವರ ಮುಖ ಹೇಗಿರುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. “ಏನೇ, ಕಣ್ಣು ಮುಚ್ಚಿ ಹಾಲು ಕುಡಿಯೋ ಬೆಕ್ಕಿನ ಹಾಗೆ ಕೂತಿದೀಯ?” ಅಂದರು. ಚೂಟಿ ತಟ್ಟೆ ಎತ್ತಿಕೊಂಡು ಎದ್ದುಬಿಟ್ಟಳು.

ಬೆಳಗ್ಗೆ ಅಮ್ಮ ಯೂನಿಫಾರ್ಮ್ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ಎಡಗೈ ಕೂದಲು ಬಾಚುತ್ತಿದ್ದರೆ ಬಲಗೈ ಗಾಳಿಯಲ್ಲಿ ತಿರುಗುತ್ತಿತ್ತು. ಚೂಟಿ ಟಾಟಾ ಕೂಡ ಹೇಳದೆ ಓಡಿ ಸ್ಕೂಲ್ ಬಸ್ ಹತ್ತಿದಳು.

ಖಾಲಿ ಇದ್ದದ್ದು ಒಂದೇ ಸೀಟು, ಎಮರ್ಜೆನ್ಸಿ ಬಾಗಿಲ ಪಕ್ಕದ್ದು. ಬಾಗಿಲಿಗೆ ಒಂದು ಕೆಂಪು ಹ್ಯಾಂಡಲ್. ದಿನಾ ನೋಡುವುದೇ, ಆದರೆ ಇವತ್ತು ಅದು ಅವಳನ್ನೇ ದುರುಗುಟ್ಟಿ ನೋಡಿದ ಹಾಗಾಯಿತು.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬರದೇ ಹೋದರೆ?

ಅಮ್ಮ ಪಾಸಾಗುತ್ತಾಳೆ. ಹಾರುತ್ತಾಳೆ. ಒಂದು ದಿನ ಹೊಗೆ ಬರುತ್ತದೆ. ತಲೆ ಓಡುವುದಿಲ್ಲ, ಕೈ ಓಡುತ್ತದೆ. ಕೈ ಹ್ಯಾಂಡಲನ್ನು ತಿರುಗಿಸುತ್ತದೆ, ತಿರುಗಿಸುತ್ತಲೇ ಇರುತ್ತದೆ. ಬಾಗಿಲು ತೆರೆಯುವುದಿಲ್ಲ. ಹಿಂದೆ ಅಷ್ಟೂ ಜನ ನಿಂತಿದ್ದಾರೆ. ಒಂದೂವರೆ ನಿಮಿಷ ಮುಗಿಯುತ್ತದೆ.

ಆ ಕೈಗೆ ಹಾಗೆ ಕಲಿಸಿದ್ದು ಯಾರು?

ಚೂಟಿ ದಡಕ್ಕನೆ ಎದ್ದು ನಿಂತಳು. ಬಸ್ ಆಗಲೇ ಹೊರಟಿತ್ತು.

“ನಿಲ್ಲಿಸಿ!”

ಅಷ್ಟು ದೊಡ್ಡ ದನಿ ತನ್ನದೇ ಅಂತ ಅವಳಿಗೇ ನಂಬಿಕೆ ಬರಲಿಲ್ಲ. ಡ್ರೈವರ್ ಅಂಕಲ್ ಗಕ್ಕನೆ ಬ್ರೇಕ್ ಒತ್ತಿದರು. “ಏನಮ್ಮಾ, ಬೆಂಕಿ ಬಿತ್ತಾ?”

“ಬಾಗಿಲು ತೆಗೀರಿ ಅಂಕಲ್! ನಮ್ಮಮ್ಮನಿಗೆ ತಪ್ಪು ಹೇಳಿಕೊಟ್ಟುಬಿಟ್ಟಿದೀನಿ!”

ಬಸ್ ಇನ್ನೂ ಬೀದಿಯ ತಿರುವನ್ನೂ ದಾಟಿರಲಿಲ್ಲ. ಬಸ್ ಗಕ್ಕನೆ ನಿಂತದ್ದನ್ನು ನೋಡಿದ ಅಜ್ಜ ಗೇಟಿನಿಂದ ಕೈ ಎತ್ತಿ ಓಡಿಬರುವುದು ಕಂಡು ಡ್ರೈವರ್ ಬಾಗಿಲು ತೆಗೆದರು. ಬ್ಯಾಗನ್ನು ಸೀಟಿನ ಮೇಲೇ ಬಿಟ್ಟು ಚೂಟಿ ಹಾರಿದಳು.

ಮನೆಯ ಮುಂದೆ ಕಂಪನಿಯ ವ್ಯಾನ್ ನಿಂತಿತ್ತು. ಅಮ್ಮ ಒಂದು ಕಾಲು ಒಳಗಿಟ್ಟಾಗಿತ್ತು.

“ಎತ್ತಬೇಕು! ತಿರುಗಿಸಬಾರದು, ಮೇಲಕ್ಕೆ ಎತ್ತಬೇಕು!”

“ಏನೇ ಅದು?”

“ಹ್ಯಾಂಡಲ್! ಬುಕ್ಕಲ್ಲಿ ಹಾಗೇ ಇತ್ತು. ನಾನು ಬೇಕಂತಲೇ ಸರಿ ಅಂದೆ. ನೀನು ಫೇಲಾಗ್ಲಿ ಅಂತ. ನೀನು ಕೊನೆಗೆ ಇಳಿಯೋದು ಬೇಡ ಅಂತ...” ಮುಂದಿನ ಮಾತು ಅಳುವಿನಲ್ಲಿ ಮುಳುಗಿಹೋಯಿತು.

ಅಮ್ಮನ ಮುಖ ಬಿಳಿಚಿಕೊಂಡಿತು. ತನ್ನ ಬಲಗೈಯನ್ನು ಎತ್ತಿ, ಅದು ಇನ್ಯಾರದೋ ಕೈ ಅನ್ನುವ ಹಾಗೆ ನೋಡಿದಳು. ಬೈಯಲಿಲ್ಲ. ಎರಡು ಏಟು ಕೊಟ್ಟಿದ್ದರೇ ಚೆನ್ನಾಗಿತ್ತು ಅನ್ನಿಸಿತು ಚೂಟಿಗೆ.

“ಅಷ್ಟು ಹೆದರಿಕೆ ಆಯ್ತಾ?” ಅಂದಳು ಅಮ್ಮ ಕೊನೆಗೆ.

“ಹೂಂ. ನಿನಗೆ ಆಗಲ್ವಾ?”

“ಆಗುತ್ತೆ. ಪ್ರತಿ ಸಲ ಆಗುತ್ತೆ.”

“ಮತ್ತೆ ಯಾಕೆ ಹೋಗ್ತೀಯ?”

“ನನಗೆ ಊರು ನೋಡೋ ಹುಚ್ಚು ಕಣೇ. ಹುಚ್ಚಿದ್ದೋರು ಬಾಗಿಲು ತೆಗೆಯೋದೂ ಕಲೀಬೇಕು.” ಅಮ್ಮ ವ್ಯಾನಿನಿಂದ ಕಾಲು ಕೆಳಗಿಟ್ಟಳು. “ಹತ್ತು ಸಲ ತಪ್ಪು ಕಲಿಸಿದೀಯ. ಈಗ ಇಪ್ಪತ್ತು ಸಲ ಸರಿ ಮಾಡಿಸು. ಬೇಗ!”

ಚೂಟಿ ಮೂಗು ಒರೆಸಿಕೊಂಡಳು. “ಎತ್ತು!” ಅಂದಳು. ಅಮ್ಮನ ಕೈ ತಿರುಗಲು ಹೋಗಿ, ತಡವರಿಸಿ, ಮೇಲಕ್ಕೆದ್ದಿತು. “ಎತ್ತು! ಎತ್ತು!” ಏದುಸಿರು ಬಿಡುತ್ತಾ ಬಂದ ಅಜ್ಜನೂ ಜೊತೆಗೆ ಕೈ ಎತ್ತತೊಡಗಿದರು. ವ್ಯಾನಿನವರು ಬೆರಳು ಮಡಚಿ ಎಣಿಸಿದರು. ತಿರುವಿನಲ್ಲಿ ಸ್ಕೂಲ್ ಬಸ್ಸು ಪೋಂ ಪೋಂ ಅನ್ನುತ್ತಲೇ ಇತ್ತು. ಇಪ್ಪತ್ತನೆಯ ಸಲಕ್ಕೆ ಅಮ್ಮನ ಕೈ ಯಾರ ಮಾತಿಗೂ ಕಾಯಲಿಲ್ಲ.

ಅಮ್ಮ ಪಾಸಾದಳು. ನಾಲ್ಕನೆಯ ದಿನ ಸಮುದ್ರದಾಚೆಯ ಊರಿಗೆ ಹೊರಟಳು. “ವಿಮಾನ ಎಂಟೂಕಾಲಿಗೆ ಏಳುತ್ತೆ,” ಅಂದಿದ್ದಳು.

ಎಂಟೂಕಾಲಿಗೆ ಚೂಟಿ ಸ್ಕೂಲ್ ಬಸ್ಸಲ್ಲಿದ್ದಳು. ಹೆದರಿಕೆ ಎಲ್ಲೂ ಹೋಗಿರಲಿಲ್ಲ. ಅವಳು ನೆಟ್ಟಗೆ ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಕೆಂಪು ಹ್ಯಾಂಡಲನ್ನು ನೋಡಿದಳು. ಅದರ ಪಕ್ಕದ ಬಾಣ ನೋಡಿದಳು. ಆಮೇಲೆ ಪಕ್ಕದ ಸೀಟಿಗೆ ತಿರುಗಿದಳು. ಅಲ್ಲಿ ಯುಕೆಜಿಯ ಪುಟ್ಟ ಹುಡುಗಿಯೊಂದು ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು. ಅದರ ಶೂ ಲೇಸು ಬಿಚ್ಚಿಕೊಂಡಿತ್ತು.

ಚೂಟಿ ಬಗ್ಗಿ ಲೇಸು ಕಟ್ಟಿದಳು. ಮತ್ತೆ ಕೈ ಮೇಲೆ ಕೂತಳು.

ಮೊದಲು ಇವಳು, ಅಂದುಕೊಂಡಳು. ಆಮೇಲೆ ನಾನು.