ಕತಾವಾ ಮರದ ಗಾಯ

"ಹೊಲಸನ್ನ ಹೂತುಬಿಡಿ ಸಾಹೇಬ್ರೆ. ಬಯಲಲ್ಲಿ ಹಾಗೇ ಬಿಟ್ಟು ಬರಬೇಡಿ. ನಿಮ್ಮನ್ನ ಕಂಡ್ರಾಗದೋರು ಎತ್ಕೊಂಡು ಹೋಗಿ ಕತಾವಾ ಮರಕ್ಕೆ ತಿನ್ನಿಸಿಬಿಡ್ತಾರೆ."

ಅಡುಗೆಯ ಎರ್ಮೆಲಿಂಡಾ ಮರಗೆಣಸಿನ ಸಿಪ್ಪೆ ಸುಲಿಯುತ್ತಲೇ ಇಷ್ಟು ಹೇಳಿದಳು. ಪೊದೆಯಿಂದ ಎದ್ದು ಬಂದ ರೆಂಸೊ ಬೆಲ್ಟು ಬಿಗಿಯುತ್ತಾ ನಕ್ಕ. ಲಿಮಾದಿಂದ ಉಕಯಾಲಿ ನದಿ ದಂಡೆಯ ಈ ಮರ ಕಡಿಯುವ ಬಿಡಾರಕ್ಕೆ ಮೇಲ್ವಿಚಾರಕನಾಗಿ ಬಂದು ಎಂಟೇ ದಿನವಾಗಿತ್ತು.

"ನಮ್ಮೂರಲ್ಲಿ ಚಿನ್ನ ಕಾಯ್ತಾರೆ, ನೀವಿಲ್ಲಿ ಇದನ್ನ ಕಾಯ್ತೀರಾ? ಬೇಕಾದ್ರೆ ನೀನೇ ಎತ್ಕೊಳ್ಳಜ್ಜಿ. ಉಪ್ಪು ಹಾಕಿಟ್ಕೋ!"

ಕೂಲಿಯವರಲ್ಲಿ ಒಬ್ಬನೂ ನಗಲಿಲ್ಲ.

ಕತಾವಾ ಎಂದರೆ ಮೈತುಂಬ ಮುಳ್ಳು, ತೊಗಟೆಯ ಕೆಳಗೆ ಬಿಳಿ ಹಾಲು. ಆ ಹಾಲು ಹಳ್ಳಕ್ಕೆ ಬಿದ್ದರೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಮರ ಮಾತ್ರ ಹಗುರ. ಮುಳುಗುವ ದಿಮ್ಮಿಗಳನ್ನು ಕಟ್ಟಿ ತೇಲಿಸಲು ಅದೇ ಬೇಕು. ಬಲ್ಲವರು ಬುಡದ ಸುತ್ತ ತೊಗಟೆ ಸುಲಿದು, ಬೆಂಕಿ ಕೊಟ್ಟು, ಹಾಲು ಬತ್ತಲೆಂದು ವಾರ ಕಾಯುತ್ತಾರೆ. ರೆಂಸೊಗೆ ವಾರ ಎಲ್ಲಿಂದ ಬರಬೇಕು?

"ಇವತ್ತೇ ಉರುಳಬೇಕು" ಎಂದ.

ಎರ್ಮೆಲಿಂಡಾಳ ಮಗ ನೈಸರ್ ಯಂತ್ರದ ಗರಗಸ ಹಿಡಿದ. ಮರ ಅರ್ಧ ಕೊಯ್ಯುವುದರೊಳಗೆ ಹಾಲು ಚಿಮ್ಮಿ ಅವನ ಎರಡೂ ಕಣ್ಣಿಗೆ ಬಿತ್ತು. ಅಂಥ ಗಟ್ಟಿ ಆಳು, ಕೆಸರಿನಲ್ಲಿ ಹುಳದಂತೆ ಹೊರಳಾಡಿದ. ರೆಪ್ಪೆಗಳು ಬೆಂದು ಒಂದಕ್ಕೊಂದು ಅಂಟಿದವು.

"ದೋಣಿ ಕೊಡಿ ಸಾಹೇಬ್ರೆ, ಆಸ್ಪತ್ರೆಗೆ ಒಯ್ತೀನಿ." ತಾಯಿ ರೆಂಸೊನ ಬೂಟು ಹಿಡಿದಳು.

"ನೀರು ಹಾಕಿ ತೊಳಿ. ದೋಣಿಗೆ ದಿಮ್ಮಿ ಎಳೆಯೋ ಕೆಲಸ ಇದೆ."

ತೊಳೆಯಬೇಕಂತೆ! ಬೀದಿನಾಯಿಗೂ ಯಾರೂ ಹಾಗನ್ನುವುದಿಲ್ಲ. ಎರಡೇ ದಿನದಲ್ಲಿ ನೈಸರನ ಕಣ್ಣುಗಳು ಕೀವಾಗಿ ಕೆನ್ನೆಯ ಮೇಲೆ ಇಳಿದವು. ಅರ್ಧ ಕೊಯ್ದ ಮರ ದಂಡೆಯ ಮೇಲೆ ಹಾಲು ಸುರಿಸುತ್ತಾ ನಿಂತೇ ಇತ್ತು. ಯಾರೂ ಅದರ ಹತ್ತಿರ ಸುಳಿಯಲಿಲ್ಲ. ಎರ್ಮೆಲಿಂಡಾ ಒಬ್ಬಳು, ಒಂದು ಬೆಳಗ್ಗೆ, ಬಾಳೆಲೆಯಲ್ಲಿ ಏನನ್ನೋ ಸುತ್ತಿಕೊಂಡು ಅಲ್ಲಿಗೆ ಹೋಗಿ ಬಂದಳು.

ಅದಾದ ಮೂರನೇ ದಿನ ರೆಂಸೊನ ಹೊಟ್ಟೆ ಊದಿತು.

ಮೊದಲು ಬೆಲ್ಟು ಬಿಚ್ಚಿದ. ಆಮೇಲೆ ಗುಂಡಿ ಕಿತ್ತುಹೋಯಿತು. ಕೆಳಗಿನಿಂದ ಏನೂ ಹೋಗುವುದಿಲ್ಲ, ಗಾಳಿ ಕೂಡ. ಬಾಯಿಂದ ಮಾತ್ರ ಬರುತ್ತಿತ್ತು: ಬಿಳಿಯಾಗಿ, ದಾರದಂತೆ ಎಳೆಎಳೆಯಾಗಿ. ತೇಗಿದರೆ ಕಕ್ಕಸಿನ ನಾತ. ಚರ್ಮ ಬಿಗಿದು ಹೊಳೆಯುತ್ತಿತ್ತು, ಹೊಕ್ಕುಳು ಹೆಬ್ಬೆರಳಿನ ಹಾಗೆ ಹೊರಗೆ ನಿಂತಿತ್ತು. ಅದರ ಅಂಚಿನಲ್ಲಿ ಹಾಲಿನಂಥ ಹನಿ ಜಿನುಗಿತು. ನೊಣಗಳು ಅಲ್ಲೇ ಸಾಲುಗಟ್ಟಿದವು.

ಅವನು ತೆವಳುತ್ತಾ ಅಡುಗೆ ಒಲೆಯವರೆಗೆ ಬಂದ.

"ಅಜ್ಜಿ... ತೆಗಿ. ನೀನೇ ಹಾಕಿರೋದು. ತೆಗಿ."

"ಹೌದು, ನಾನೇ ಹಾಕಿದ್ದು." ಅವಳು ಮೀನಿನ ಕರುಳು ಬಗೆಯುವುದನ್ನು ನಿಲ್ಲಿಸಲಿಲ್ಲ. "ನೀವೇ ಹೇಳಿದ್ರಲ್ಲ, ಎತ್ಕೋ ಅಂತ. ನೀವೇ ಕೊಯ್ಸಿದ ಗಾಯದಲ್ಲಿದೆ. ಹಾಲು ಗಟ್ಟಿಯಾದ ಗಳಿಗೇಲಿ ಹೊಟ್ಟೆ ಒಡೀತದೆ. ಬದುಕೋ ಆಸೆ ಇದ್ರೆ ನಿಮ್ಮ ಕೈಯಾರೆ ಕಿತ್ಕೊಳ್ಳಿ."

"ಎಷ್ಟು ಹೊತ್ತಿದೆ?"

"ನನ್ನ ಮಗನ್ನ ಕೇಳಿ. ಅವನಿಗೀಗ ಹೊತ್ತೇ ಕಾಣಲ್ಲ."

ನಡುಮಧ್ಯಾಹ್ನ. ದಂಡೆಯ ಕೆಸರು ಕುದಿಯುತ್ತಿತ್ತು. ಮರದ ಮೇಲೆಲ್ಲೋ ಒಣಕಾಯಿ ಕೋವಿಯಂತೆ ಢಂ ಎಂದು ಸಿಡಿಯಿತು. ಗರಗಸ ಕೊಯ್ದ ಸೀಳಿಗೆ ಜೇಡಿ ಮೆತ್ತಿತ್ತು. ರೆಂಸೊ ಅದನ್ನು ಉಗುರಿನಲ್ಲಿ ಕೆರೆದ. ಒಳಗಿನಿಂದ ನಾತ ಹೊಡೆಯಿತು. ಅವನದೇ ನಾತ. ಕೈ ತೂರಿಸಿದ. ಬಿಸಿ. ಜಿಗಿಜಿಗಿ. ಹಾಲು ಮೊಣಕೈಯವರೆಗೆ ಹರಿಯಿತು. ಚರ್ಮ ಸುಟ್ಟಿತು. ಇನ್ನೂ ಒಳಗೆ. ಇರುವೆಗಳು. ಹುಳಗಳು. ಮೆತ್ತಗಿನದೊಂದು ಬೆರಳಿಗೆ ಸಿಕ್ಕಿತು. ಅದು ಮಿಡಿಯುತ್ತಿತ್ತು. ಹೊಟ್ಟೆ ಮಿಡಿದಾಗ ಅದೂ ಮಿಡಿಯಿತು. ಹಿಡಿದ. ಎಳೆದ. ಮರ ಬಿಡಲಿಲ್ಲ. ಮತ್ತೆ ಎಳೆದ.

ಬಂತು.

ಅದೇ ಕ್ಷಣ ಅವನ ಒಡಲು ಬಿಟ್ಟುಕೊಂಡಿತು. ಪ್ಯಾಂಟು, ಬೂಟು, ಕೆಸರು, ಎಲ್ಲ ಒಂದಾಯಿತು. ಅವನು ಅದರಲ್ಲೇ ಬಿದ್ದು ಅಳುತ್ತಾ ನಕ್ಕ. ಮುಷ್ಟಿಯನ್ನು ಮಾತ್ರ ಬಿಚ್ಚಲಿಲ್ಲ.

ದೋಣಿಯಲ್ಲೂ ಬಿಚ್ಚಲಿಲ್ಲ. ನದಿಗೆ ಎಸೆಯಿರಿ ಎಂದರೆ ಎದೆಗವಚಿಕೊಂಡ. ಬೇರೆಯವರ ಕೈಗೆ ಸಿಕ್ಕರೆ? ಪಟ್ಟಣದ ಆಸ್ಪತ್ರೆ ಸೇರುವ ಹೊತ್ತಿಗೆ ಬೆರಳುಗಳು ಬೆಂದು ಒಂದೇ ಗಡ್ಡೆಯಾಗಿದ್ದವು. ಮಣಿಕಟ್ಟಿನವರೆಗೆ ಕರ್ರಗೆ ಕೊಳೆತಿತ್ತು. ವೈದ್ಯರು ಮುಷ್ಟಿ ಬಿಡಿಸಲು ನೋಡಿ, ಮೂಗು ಮುಚ್ಚಿಕೊಂಡು, ಕೈಯನ್ನೇ ಕತ್ತರಿಸಿದರು.

ಎಚ್ಚರವಾದಾಗ ಹೊಟ್ಟೆ ತಣ್ಣಗೆ, ಚಪ್ಪಟೆಯಾಗಿತ್ತು. ಬದುಕಿದ್ದ. ಬಟ್ಟೆ ಸುತ್ತಿದ ಮೋಟುತೋಳನ್ನು ನೋಡಿಕೊಂಡ.

"ಸಿಸ್ಟರ್... ನನ್ನ ಕೈ ಎಲ್ಲಿ?"

"ಅಯ್ಯೋ, ಆ ಕೊಳೆತಿದ್ದನ್ನ ಇಟ್ಕೊಂಡು ಏನ್ ಮಾಡ್ತೀರಿ? ಹಿಂದೆ ನದಿ ದಂಡೇಲಿ ಮುಳ್ಳಿನ ಮರ ಒಂದಿದೆಯಲ್ಲ, ಅದರ ಪೊಟರೆಗೆ ತುರುಕಿಸಿಬಿಟ್ವಿ. ಅಲ್ಲಾದ್ರೆ ನಾಯಿಗಳು ಎಳ್ಯೋದಿಲ್ಲ ನೋಡಿ."

ಹೊದಿಕೆಯ ಕೆಳಗೆ ಹೊಟ್ಟೆ ಗುಳುಕ್ ಎಂದಿತು.