ದೊಡ್ಡ ಸುತ್ತಿನ ಮೂರು ಸೀಟು

ಆ ಗುರುವಾರ ಬೆಳಗ್ಗೆ ಬನಶಂಕರಿ ಎರಡನೇ ಹಂತದ ಮೇಲೆ ಮೋಡ ಇನ್ನೂ ತಗ್ಗಿಯೇ ಇತ್ತು. ರಾತ್ರಿಯಿಡೀ ಒಂದೇ ಸಮನೆ ಸುರಿದ ಮೇ ತಿಂಗಳ ಮಳೆ ಐದೂವರೆಯ ಹೊತ್ತಿಗೆ ನಿಂತಿತ್ತು. ನಮ್ಮ ಬೀದಿಯ ಹೊಂಗೆಮರಗಳು ಮಾತ್ರ ತಮ್ಮ ಪಾಲಿನ ನೀರನ್ನು ನಿಧಾನವಾಗಿ ತೊಟ್ಟಿಕ್ಕುತ್ತಿದ್ದವು. ನಾನು ಸ್ನಾನ ಮುಗಿಸಿ ದೇವರ ಮುಂದೆ ಕೂತಿದ್ದೆ. ಮನಸ್ಸು ನಿಲ್ಲಲಿಲ್ಲ. ಆ ಬೆಳಗಿನಲ್ಲಿ ಏನೋ ಒಂದು ಕಡಿಮೆಯಾಗಿದೆ ಅನಿಸುತ್ತಿತ್ತು, ಏನೆಂದು ಹೊಳೆಯಲಿಲ್ಲ.

ಏಳೂಕಾಲಿಗೆ ಎದುರುಮನೆಯಿಂದ, ಅಲ್ಲಿ ಕೆಲಸಕ್ಕಿದ್ದ ಲಕ್ಷ್ಮಿದೇವಮ್ಮನ ಕೂಗು ಕೇಳಿತು.

ನಾನು ಹೆಗಲಿಗೆ ಶಲ್ಯ ಹಾಕಿಕೊಂಡು ಹೊರಟೆ. ಪಕ್ಕದ ಮನೆಯ ರೇವಣಸಿದ್ದಪ್ಪನವರು ಆಗಲೇ ಗೇಟು ದಾಟಿದ್ದರು. ಅವರು ಸಿಟಿ ಬಸ್ಸುಗಳಲ್ಲಿ ಮೂವತ್ತೊಂದು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಬೀದಿಯಲ್ಲಿ ಸೈಕಲ್ ಕಳೆದರೂ ಸರ ಕಳೆದರೂ ಜನ ಅವರ ಬಾಗಿಲು ತಟ್ಟುತ್ತಿದ್ದರು. ಅವರ ಹಿಂದೆ ನಾನಿರುತ್ತಿದ್ದೆ. ಮಕ್ಕಳಿಗೆ ಪಾಠ ಹೇಳಿ, ಈಗ ಗುಡಿಯಲ್ಲಿ ಸಂಜೆ ಪುರಾಣ ಓದುವ ನನ್ನನ್ನು ಅವರು ಕರೆಯುವುದು 'ಮೇಷ್ಟ್ರೇ' ಎಂದು.

ಎದುರುಮನೆಯ ಒಳಕೋಣೆಯಲ್ಲಿ ಯಜಮಾನ ತಿರುಮಲೇಶರು ಮಂಚದ ಮೇಲೆ ಉಸಿರಿಲ್ಲದೆ ತಣ್ಣಗೆ ಮಲಗಿದ್ದರು. ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾಗಿದ್ದ ಅವರಿಗೆ ಎಪ್ಪತ್ತಾಗಿತ್ತು; ಹೆಂಡತಿ ತೀರಿಕೊಂಡು ಎರಡು ವರ್ಷ. ಮಗಳು ಸಮನ್ವಿತಾ ತಂದೆಯ ಕಾಲಿನ ಬಳಿ ಕುಸಿದಿದ್ದಳು. ಅವಳ ಗಂಡ ಮಯೂರ್ ಡಾಕ್ಟರಿಗೆ ಫೋನು ಮಾಡುತ್ತಿದ್ದ. ಬಾಗಿಲಿಗೆ ಒರಗಿ ನಿಂತಿದ್ದವರು ತಿರುಮಲೇಶರ ತಮ್ಮ ವೆಂಕಟಾಚಲ. ಬಹಳ ಆಚಾರವಂತರು. ಮಡಿಯುಟ್ಟು ಬೆಳಗ್ಗೆ ಆರಕ್ಕೆ ಸರಿಯಾಗಿ ಅವರು ಬಾರಿಸುವ ಪೂಜೆಯ ಗಂಟೆ ಕೇಳಿಯೇ ನಮ್ಮ ಬೀದಿಯ ಹೆಂಗಸರು ಹಾಲು ಒಲೆಗಿಡುತ್ತಿದ್ದರು.

"ಈಯಮ್ಮ ಕೂಗಿದ ಮೇಲೇನೇ ನಂಗೆ ಎಚ್ಚರ ಆಗಿದ್ದು," ಎಂದರು ವೆಂಕಟಾಚಲ. "ಮಳೆ ಥಂಡಿಗೆ ಸತ್ತೋದೋನ ಥರ ನಿದ್ದೆ ಬಂದ್ಬಿಟ್ಟಿತ್ತು."

ರೇವಣಸಿದ್ದಪ್ಪನವರು ಮನೆಯೊಳಗೆ ಒಂದು ಸುತ್ತು ಬಂದರು. ದೇವರ ಕೋಣೆಯ ಮುಂದೆ ನಿಂತರು. ದೇವರ ಮೇಲೆ ನಿನ್ನೆಯ ಹೂವು ಬಾಡಿ ಕಂದಾಗಿತ್ತು. ಹಿಂದಿನ ಜಗಲಿಯಲ್ಲಿ ಬೆತ್ತದ ಬುಟ್ಟಿಯ ತುಂಬ ಬಿಳಿಯ ನಂದಿಬಟ್ಟಲು. ಎಸಳುಗಳ ಮೇಲೆ ಮಳೆಹನಿ ಇನ್ನೂ ಆರಿರಲಿಲ್ಲ.

ಡಾಕ್ಟರು ಬಂದು ನೋಡಿ ಮುಖ ಸಣ್ಣದು ಮಾಡಿಕೊಂಡರು. ರಾತ್ರಿ ಕುಡಿದ ಕಷಾಯದ ಲೋಟದ ತಳದಲ್ಲಿ ಬಿಳಿಯ ಗಸಿ ಇತ್ತು. ಮಾತ್ರೆಯ ಡಬ್ಬಿಯಲ್ಲಿ ಹತ್ತು ದಿನದ ಹೃದಯದ ಮಾತ್ರೆ ಇರಲಿಲ್ಲ. "ಪೊಲೀಸ್‌ಗೆ ಹೇಳಲೇಬೇಕು," ಎಂದರು.

ಸಮನ್ವಿತಾ ತಲೆಯೆತ್ತಿದಳು. "ಡಬ್ಬಿ ತುಂಬೋದು ನೀವು. ಕಷಾಯ ಕಾಯಿಸೋದೂ ನೀವೇ. ಅಲ್ವಾ ಲಕ್ಷ್ಮಿದೇವಮ್ಮ?"

ಆ ಹೆಂಗಸು ಹೌದೆಂದು ತಲೆಯಾಡಿಸಿದಳು. ವಸಂತಪುರದ ಒಕ್ಕಲು ಮನೆಯವಳು. ಗಂಡ ಹೋದಮೇಲೆ ಈ ಮನೆ ಸೇರಿ, ಹಾಸಿಗೆ ಹಿಡಿದ ಯಜಮಾನಿಯನ್ನು ಆರು ವರ್ಷ ಎತ್ತಿ ಕೂರಿಸಿ ನೋಡಿಕೊಂಡವಳು. ಹಿತ್ತಲ ಪುಟ್ಟ ಮನೆಯಲ್ಲಿ ವಾಸ. ಸೆರಗಿನ ತುದಿಯ ಗಂಟಿನಲ್ಲಿ ಎರಡು ಬೀಗದ ಕೈ ಇರುತ್ತಿದ್ದವು; ದೊಡ್ಡ ಮನೆಯದೊಂದು, ಹಿತ್ತಲ ಮನೆಯದೊಂದು.

"ಕೀ ಕೊಡಿ," ಎಂದಳು ಸಮನ್ವಿತಾ.

ಲಕ್ಷ್ಮಿದೇವಮ್ಮ ಗಂಟು ಬಿಚ್ಚಲು ಹೋದಳು. ಬಿಗಿದ ಗಂಟು ಬೆರಳಿಗೆ ಸಿಗದೆ ಹಲ್ಲಿನಿಂದ ಬಿಚ್ಚಿದಳು. ಎರಡನ್ನೂ ಅವಳ ಕೈಗೆ ಹಾಕಿ, ಉಟ್ಟ ಸೀರೆಯಲ್ಲೇ ತನ್ನ ತಮ್ಮನ ಮನೆಗೆ ನಡೆದುಹೋದಳು.

ಮಾರನೇ ದಿನ ಮಧ್ಯಾಹ್ನ ಅವಳು ರೇವಣಸಿದ್ದಪ್ಪನವರ ಜಗಲಿಗೆ ಬಂದಳು. ನಾನೂ ಅಲ್ಲಿದ್ದೆ.

"ಸಾರ್, ನಾಳೆ ನಾಳಿದ್ದರಲ್ಲಿ ನನ್ನ ಸ್ಟೇಷನ್‌ಗೆ ಹಾಕ್ತಾರಂತೆ. ಜೈಲಿಗೋಗಕ್ಕೆ ಹೆದರಲ್ಲ. ಯಜಮಾನರಿಗೆ ವಿಷ ಇಕ್ಕಿದೋಳು ಅಂತ ಹೆಸರು ಹೊತ್ಕೊಂಡು ಹೆಂಗೆ ಬದುಕ್ಲಿ?"

"ನಿಂಗೂ ಅವರಿಗೂ ಏನಾದ್ರೂ ಮಾತು ಬಂದಿತ್ತೇನಮ್ಮ?"

"ಎಲ್ಲಿ ಮಾತು? ಹಿತ್ತಲ ಮನೆ ನಾನಿರೋಗಂಟ ನಂಗೆ ಅಂತ ಅಮ್ಮಾವ್ರು ಸಾಯೋಕ್ ಮುಂಚೆ ಮಾತು ಕೊಟ್ಟಿದ್ರು. ಯಜಮಾನ್ರು ಶುಕ್ರವಾರ, ಅಂದ್ರೆ ಇವತ್ತು, ರಿಜಿಸ್ಟ್ರಿ ಮಾಡಿಸ್ತೀನಿ ಅಂದಿದ್ರು. ಚಿಕ್ಕ ಯಜಮಾನ್ರು ಪೊಲೀಸ್ ಹತ್ರ, ಅಣ್ಣ ಮನಸ್ಸು ಬದಲಾಯಿಸಿದ್ದ, ಆ ಸಿಟ್ಟಿಗೆ ಇವಳು ಹಿಂಗೆ ಮಾಡಿದ್ಲು ಅಂದವ್ರೆ."

"ಹಿಂದಿನ ದಿನ ಮನೇಲಿ ಜಗಳ ಏನಾದ್ರೂ?"

"ಬಸ್ಸಿನ ವಿಚಾರಕ್ಕೆ ನಗ್ತಾ ನಗ್ತಾ ವಾದ ಮಾಡ್ತಿದ್ರು, ಅಷ್ಟೇ."

ಆ ಬಸ್ಸಿನ ವಿಚಾರ ನನಗೂ ಗೊತ್ತಿತ್ತು. ಆಗಸ್ಟಿನಲ್ಲಿ ತಿರುಮಲೇಶ, ವೆಂಕಟಾಚಲ, ಸಮನ್ವಿತಾ, ಮಯೂರ್ ನಾಲ್ವರೂ ಅಲಾಸ್ಕಾಕ್ಕೆ ಹಡಗಿನ ಪ್ರವಾಸ ಹೊರಟಿದ್ದರು. ಹಡಗಿನಿಂದ ಇಳಿದ ಮೇಲೆ ಡೆನಾಲಿ ಎಂಬ ಹಿಮಬೆಟ್ಟದ ರಾಷ್ಟ್ರೀಯ ಉದ್ಯಾನದಲ್ಲಿ ಬಸ್ಸಿನ ಸುತ್ತಾಟ. ಹಡಗಿನ ಕಂಪನಿಯ ಟಿಕೆಟ್ಟಿನಲ್ಲಿ ಚಿಕ್ಕ ಸುತ್ತು ಸೇರಿತ್ತು. ಹೆಚ್ಚು ಹಣ ಕಟ್ಟಿದರೆ ಕಾಡಿನ ಒಳಕ್ಕೆ ಹೋಗುವ ದೊಡ್ಡ ಸುತ್ತಿಗೆ ಬದಲಾಯಿಸಬಹುದಿತ್ತು. ಬುಧವಾರ ಸಂಜೆ ಐದೂವರೆಯಿಂದ ಆರೂಕಾಲರವರೆಗೆ ತಿರುಮಲೇಶರು ನನ್ನ ಜೊತೆ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದರು. "ಆ ಬೆಟ್ಟ ಮೂರು ದಿನಕ್ಕೊಂದ್ಸಲ ಮುಖ ತೋರಿಸಿದ್ರೆ ಹೆಚ್ಚಂತೆ ಮೇಷ್ಟ್ರೇ. ನಾಲ್ಕೂ ಜನಕ್ಕೆ ದೊಡ್ಡ ಸುತ್ತೇ ಮಾಡಿಸ್ತೀನಿ. ಜೀವಮಾನವೆಲ್ಲ ಬೇರೆಯವರ ಸೈಟು ಅಳೆದೆ, ಒಂದು ಬೆಟ್ಟಾನಾದ್ರೂ ಕಣ್ತುಂಬ ನೋಡ್ತೀನಿ," ಎಂದಿದ್ದರು. ಅದೇ ಅವರು ನನ್ನೊಡನೆ ಆಡಿದ ಕೊನೆಯ ಮಾತು.

ಇದನ್ನು ಹೇಳಿದಾಗ ರೇವಣಸಿದ್ದಪ್ಪನವರು ಚಪ್ಪಲಿ ಮೆಟ್ಟಿದರು. "ನಡೀರಿ, ಆ ಟಿಕೆಟ್ ನೋಡೋಣ."

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಪ್ರವಾಸದ ಏಜೆಂಟು ಮನೋಜನ ಆಫೀಸು. ಆತ ಕಂಪ್ಯೂಟರಿನಿಂದ ಒಂದು ಹಾಳೆ ತೆಗೆದುಕೊಟ್ಟ.

"ನಾವು ಏನೂ ಮಾಡೋ ಹಾಗಿಲ್ಲ ಅಂಕಲ್. ಹಡಗಿನವರ ಮೂಲಕ ಬುಕ್ ಆಗಿರೋದ್ರಿಂದ ಅಪ್‌ಗ್ರೇಡೂ ಅವರ ವೆಬ್‌ಸೈಟಲ್ಲೇ ಆಗ್ಬೇಕು. ಮನೆಯವರೇ ಮಾಡಿದಾರೆ. ನಂಗೆ ಕಾಪಿ ಬಂದಿದೆ. ನೋಡಿ, ಮೇ ಹದಿನಾಲ್ಕು, ಸಂಜೆ ಐದು ಐವತ್ತು. ಮೂರು ಸೀಟು."

"ಮೂರೇ ಯಾಕಪ್ಪ? ಸೀಟು ಇರಲಿಲ್ವಾ?"

"ಹನ್ನೊಂದಿತ್ತು. ಕೇಳಿದ್ದೇ ಮೂರು. ನಿನ್ನೆ ವೆಂಕಟಾಚಲ ಅಂಕಲ್‌ಗೆ ಫೋನ್ ಮಾಡಿ, ಹದಿನಾಲ್ಕನೇ ತಾರೀಕು ಮೂರೇ ಕೇಳಿದೀರಲ್ಲ ಯಾಕೆ ಅಂತ ಕೇಳ್ದೆ. ಅಣ್ಣಂಗೆ ಮಂಡಿನೋವು, ಚಿಕ್ಕ ಸುತ್ತೇ ಸಾಕು ಅಂತ ಬುಧವಾರಾನೇ ಅವನೇ ಕಳಿಸಿದ್ದು ಅಂದ್ರು. ಕಟ್ಟಿದ ದುಡ್ಡು ವಾಪಸ್ ಬರಲ್ಲ ಅಲ್ವಾ, ಯೋಚನೆ ಮಾಡೇ ಕಳಿಸಿರ್ತಾರೆ. ಗಡುವಿಗೆ ಹತ್ತೇ ನಿಮಿಷ ಇತ್ತು."

"ಹಡಗಿನವರ ಆಫೀಸ್ ಇರೋದೆಲ್ಲಿ?"

"ಸಿಯಾಟಲ್. ಅಮೆರಿಕದ ಪಶ್ಚಿಮ ತೀರ."

ರೇವಣಸಿದ್ದಪ್ಪನವರು ಹಾಳೆಯನ್ನು ಮಡಚಿ ಜೇಬಿಗಿಟ್ಟರು. ವಾಪಸ್ ಬರುವಾಗ ಆಟೋದಲ್ಲಿ ಒಂದೇ ಪ್ರಶ್ನೆ ಕೇಳಿದರು. "ಮೇಷ್ಟ್ರೇ, ನಾವು ಲಿಂಗ ಕಟ್ಟೋರು, ನಮ್ಮಲ್ಲಿ ಸೂತಕ ಇಲ್ಲ. ನಿಮ್ಮಲ್ಲಿ ಅದು ಯಾವಾಗಿಂದ ಲೆಕ್ಕ? ಸತ್ತಾಗಿಂದಲೋ?"

"ಸುದ್ದಿ ತಿಳಿದ ಗಳಿಗೆಯಿಂದ," ಎಂದೆ. "ಸತ್ತದ್ದು ಗೊತ್ತಿಲ್ಲದೆ ಪೂಜೆ ಮಾಡಿದ್ರೆ ದೋಷವಿಲ್ಲ. ಗೊತ್ತಾದ ಮೇಲೆ ದೇವರನ್ನ ಮುಟ್ಟೋ ಹಾಗಿಲ್ಲ."

ಅವರು ಕಣ್ಣು ಮುಚ್ಚಿದರು. ಬನಶಂಕರಿ ಗುಡಿ ದಾಟಿದಾಗಲೂ ತೆರೆಯಲಿಲ್ಲ.

ಭಾನುವಾರ ಬೆಳಗ್ಗೆ ಇನ್‌ಸ್ಪೆಕ್ಟರ್ ಅನ್ನಪೂರ್ಣ ಲಕ್ಷ್ಮಿದೇವಮ್ಮನನ್ನು ಕರೆದುಕೊಂಡು ಹೋಗಲು ಬಂದರು. ಅದಕ್ಕೆ ಮೊದಲು ಹತ್ತು ನಿಮಿಷ ಕೊಡಬೇಕೆಂದು ರೇವಣಸಿದ್ದಪ್ಪನವರು ಕೇಳಿಕೊಂಡಿದ್ದರು. ಸಾವಿನ ಮನೆಯ ನಡುಕೋಣೆಯಲ್ಲಿ, ದಕ್ಷಿಣಕ್ಕೆ ಹಚ್ಚಿಟ್ಟ ಒಂದೇ ದೀಪದ ಸುತ್ತ ಎಲ್ಲರೂ ಕೂತೆವು. ಲಕ್ಷ್ಮಿದೇವಮ್ಮ ಮಾತ್ರ ಹೊಸ್ತಿಲಾಚೆ ನಿಂತಿದ್ದಳು.

"ನಾನು ಬಸ್ಸಿನೋನು," ಎಂದು ರೇವಣಸಿದ್ದಪ್ಪನವರು ಶುರುಮಾಡಿದರು. "ಕಳ್ಳ ಪ್ರಯಾಣಿಕನ ಕೈಲೂ ಟಿಕೆಟ್ ಇರುತ್ತೆ. ನಾವು ನೋಡ್ತಿದ್ದದ್ದು ಅದು ಎಲ್ಲಿ, ಎಷ್ಟೊತ್ತಿಗೆ ಹರಿದದ್ದು ಅಂತ." ಮನೋಜನ ಹಾಳೆಯನ್ನು ದೀಪದ ಬಳಿ ಇಟ್ಟರು. "ಹದಿನಾಲ್ಕನೇ ತಾರೀಕು ಸಂಜೆ ಐದು ಐವತ್ತು. ಆ ಹೊತ್ತಲ್ಲಿ ತಿರುಮಲೇಶರು ಪಾರ್ಕಲ್ಲಿ ಮೇಷ್ಟ್ರ ಪಕ್ಕ ಕೂತು, ನಾಲ್ಕು ಜನಕ್ಕೂ ದೊಡ್ಡ ಸುತ್ತು ಅಂತಿದ್ರು. ಹಾಗಾದ್ರೆ ಮೂರು ಸೀಟು ಕೇಳಿದ್ದು ಯಾರು?"

"ಈ ಮನೆ ಟ್ಯಾಬಿಂದ ಯಾರು ಬೇಕಾದ್ರೂ ಕೇಳಬಹುದು," ಎಂದ ಮಯೂರ್. "ಅದು ಹಾಲ್‌ನಲ್ಲೇ ಬಿದ್ದಿರುತ್ತೆ. ನಂಗೆ ಗೊತ್ತಿರೋ ಹಾಗೆ ಬುಧವಾರ ಸಂಜೆ ಅದರ ಚಾರ್ಜ್ ಸತ್ತಿತ್ತು."

"ಸರಿಯೇ. ಬುಧವಾರ ಸಂಜೆ ಯಾರೂ ಕೇಳಿಲ್ಲ. ಇದು ಸಿಯಾಟಲ್ ಗಡಿಯಾರ. ನಮಗಿಂತ ಹನ್ನೆರಡೂವರೆ ತಾಸು ಹಿಂದೆ. ಅಲ್ಲಿ ಬುಧವಾರ ಸಂಜೆ ಐದು ಐವತ್ತು ಅಂದ್ರೆ ಇಲ್ಲಿ ಗುರುವಾರ ಬೆಳಗ್ಗೆ ಆರು ಇಪ್ಪತ್ತು. ಲಕ್ಷ್ಮಿದೇವಮ್ಮ ಕೂಗಿದ್ದು ಏಳೂಕಾಲಿಗೆ. ಅದಕ್ಕೂ ಐವತ್ತೈದು ನಿಮಿಷ ಮುಂಚೆ, ಈ ಮನೇಲಿ ನಾಲ್ಕನೇ ಸೀಟು ಬೇಡ ಅಂತ ಒಬ್ಬರಿಗೆ ಗೊತ್ತಿತ್ತು."

 ಸಮನ್ವಿತಾ ಗಂಡನ ಮುಖ ನೋಡಿದಳು. 

"ಅವನಲ್ಲ ತಾಯಿ," ಎಂದರು ರೇವಣಸಿದ್ದಪ್ಪನವರು. "ಯಾರು ಅಂತ ಹೂವು ಹೇಳ್ತು. ಆ ಬೆಳಗ್ಗೆ ಜಗಲೀಲಿ ಬುಟ್ಟಿ ತುಂಬ ನಂದಿಬಟ್ಟಲು ಇತ್ತು, ಮಳೆನೀರು ಆರದೆ. ಈ ಮನೇಲಿ ಪೂಜೆ ಹೂವನ್ನ ಮಡೀಲಿ ಕೀಳೋರು ಒಬ್ಬರೇ. ಅಂದ್ರೆ ವೆಂಕಟಾಚಲ ಅವರು ಏಳರವರೆಗೆ ಮಲಗಿರಲಿಲ್ಲ. ಮಳೆ ನಿಂತ ಮೇಲೆ ಎದ್ದಿದ್ರು, ಸ್ನಾನ ಆಗಿತ್ತು, ಹೂವೂ ಕಿತ್ತಿದ್ರು. ಆದ್ರೆ ದೇವರ ಮೇಲೆ ಹಿಂದಿನ ದಿನದ ಹೂವೇ ಇತ್ತು. ಮೇಷ್ಟ್ರೇ, ಆ ದಿನ ಆರಕ್ಕೆ ಗಂಟೆ ಕೇಳಿದ್ರಾ?"

ಆಗ ನನಗೆ ಹೊಳೆಯಿತು. ಆ ಬೆಳಗಿನಲ್ಲಿ ಕಡಿಮೆಯಾಗಿದ್ದದ್ದು ಅದೇ. "ಇಲ್ಲ," ಎಂದೆ.

"ಹೂವು ಕಿತ್ತಿಟ್ಟು, ಕೆಲಸ ಆಗಿದೆಯೋ ಇಲ್ಲವೋ ಅಂತ ಅಣ್ಣನ ಕೋಣೆ ನೋಡಿದ್ರು. ಆಗಿತ್ತು. ಆ ಗಳಿಗೆಯಿಂದ ಸೂತಕ. ಇನ್ನು ದೇವರನ್ನ ಮುಟ್ಟೋದು ಹೇಗೆ? ಕೂಗೋ ಹಾಗೂ ಇಲ್ಲ. ಲಕ್ಷ್ಮಿದೇವಮ್ಮನೇ ಬಂದು ನೋಡ್ಬೇಕಿತ್ತು. ಸುಮ್ಮನೆ ಕೂತಿದ್ದಾಗ ಗಡುವು ನೆನಪಾಯ್ತು. ವಾಪಸ್ ಬರದ ದುಡ್ಡು, ಸತ್ತವರ ಸೀಟಿಗೆ ಯಾಕೆ ಕಟ್ಟಬೇಕು ಅಂತ ಮೂರು ಒತ್ತಿದ್ರು. ಆಮೇಲೆ ಏಜೆಂಟ್ ಫೋನಲ್ಲಿ ಹದಿನಾಲ್ಕು ಅಂದಾಗ, ಆ ತಾರೀಕು ತಾನಾಗೇ ಕೈಗೆ ಸಿಕ್ಕಿದ ಅದೃಷ್ಟ ಅಂದ್ಕೊಂಡ್ರು."

"ಕಾರಣ?" ಎಂದರು ಅನ್ನಪೂರ್ಣ.

"ಶುಕ್ರವಾರದ ರಿಜಿಸ್ಟ್ರಿ. ತಮ್ಮದೂ ಪಾಲಿರೋ ಈ ಸೈಟಲ್ಲಿ ಅಪಾರ್ಟ್‌ಮೆಂಟ್ ಕಟ್ಟೋಕೆ ವೆಂಕಟಾಚಲ ಅವರು ಬಿಲ್ಡರ್ ಹತ್ರ ಮಾತಾಡಿದ್ರು. ನಿನ್ನೆ ಸಂಜೆ ನಾನೇ ಹೋಗಿ ಆ ಬಿಲ್ಡರ್‌ನ ಕೇಳಿದೆ. ಹಿತ್ತಲಲ್ಲಿ ಒಬ್ಬ ಹೆಂಗಸಿಗೆ ಬದುಕಿರೋವರೆಗೆ ಹಕ್ಕು ಅಂತಾದ್ರೆ ತಾನು ಕೈ ಹಾಕಲ್ಲ ಅಂದಿದ್ನಂತೆ. ಅಣ್ಣನೂ ಹೋಗ್ಬೇಕು, ಅವಳೂ ಹೋಗ್ಬೇಕು. ಅವಳು ಕಾಯಿಸಿಟ್ಟ ಕಷಾಯಕ್ಕೆ ಮಾತ್ರೆ ಪುಡಿಮಾಡಿ ಹಾಕಿದ್ರು, ಒಂದೇ ಲೋಟದಲ್ಲಿ ಎರಡೂ."

 ವೆಂಕಟಾಚಲ ವಾದ ಮಾಡುತ್ತಾರೆಂದು ನಾನು ಎಣಿಸಿದ್ದೆ.

"ಗಂಟೆ ಕೈಗೆ ತಗೊಂಡಿದ್ದೆ," ಎಂದರು ಅವರು, ನನ್ನ ಕಡೆಗೆ ತಿರುಗಿ. "ಬಾರಿಸಿದ್ರೆ ಯಾರಿಗೂ ಅನುಮಾನ ಬರ್ತಿರಲಿಲ್ಲ. ಗೊತ್ತಿತ್ತು. ಆದ್ರೂ ಸೂತಕದಲ್ಲಿ ಹೇಗೆ ಬಾರಿಸ್ಲಿ ಮೇಷ್ಟ್ರೇ, ನೀವೇ ಹೇಳಿ."

 ಅಣ್ಣನ ಲೋಟಕ್ಕೆ ವಿಷ ಬೆರೆಸಲು ನಡುಗದ ಕೈ, ಮೈಲಿಗೆಯಲ್ಲಿ ದೇವರ ಗಂಟೆ ಅಲ್ಲಾಡಿಸಲು ನಡುಗಿತ್ತು. ಇಷ್ಟು ವರ್ಷ ಪುರಾಣ ಓದಿದವನು ನಾನು. ಅಂಥ ಭಕ್ತಿಯನ್ನು ಏನೆಂದು ಕರೆಯಬೇಕೋ ಇವತ್ತಿಗೂ ತಿಳಿದಿಲ್ಲ. ಅನ್ನಪೂರ್ಣ ಎದ್ದು ಬಾಗಿಲ ಕಡೆ ಕೈತೋರಿದರು. ವೆಂಕಟಾಚಲ ಅಭ್ಯಾಸಬಲದಿಂದ ದೇವರ ಕೋಣೆಯ ಕಡೆ ಕೈಯೆತ್ತಿದವರು, ಅರ್ಧಕ್ಕೇ ಇಳಿಸಿ ಹೊರಗೆ ನಡೆದರು. ಲಕ್ಷ್ಮಿದೇವಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಜೀಪು ಹೋಯಿತು. ಹೊರಗೆ ಮತ್ತೆ ಸಣ್ಣಗೆ ಹನಿಯತೊಡಗಿತ್ತು. ಲಕ್ಷ್ಮಿದೇವಮ್ಮ ಮೆಟ್ಟಿಲಿಳಿದು ಗೇಟಿನ ಕಡೆ ಹೊರಟಿದ್ದಳು.

ಸಮನ್ವಿತಾ ಎದ್ದು ಒಳಕೋಣೆಗೆ ಹೋಗಿ ಬಂದಳು. ಬರಿಗಾಲಲ್ಲೇ ಅಂಗಳಕ್ಕೆ ಇಳಿದು ಆ ಹೆಂಗಸಿನ ಮುಂದೆ ನಿಂತಳು.  ಬಗ್ಗಿ, ಅವಳ ಸೆರಗಿನ ತುದಿಯನ್ನು ಕೈಗೆ ತೆಗೆದುಕೊಂಡು, ಎರಡು ಬೀಗದ ಕೈಗಳನ್ನೂ ಅದರಲ್ಲಿಟ್ಟು, ತಾನೇ ಗಂಟು ಹಾಕಿದಳು.